ಮೂರನೇ ಪ್ಯಾರಾ

ಜನವರಿ 20

ಅಕ್ಕಾ,

ಮೂರು ವಾರದಿಂದ ನಿನಗೆ ಫೋನ್ ಮಾಡಿ ಮಾಡಿ ಬೆರಳು ಸವೆದುಹೋಯಿತು. ನೀನು ಎತ್ತುವುದಿಲ್ಲ, ಮೆಸೇಜಿಗೂ ಉತ್ತರವಿಲ್ಲ. ಭಾವನಿಗೆ ಮಾಡಿದರೆ, ಚೆನ್ನಾಗೇ ಇದ್ದಾಳೆ, ಯಾಕೋ ಮಾತಿಗೆ ಮನಸ್ಸಿಲ್ಲ ಎಂದು ಇಟ್ಟುಬಿಟ್ಟರು. ನನ್ನ ಮೇಲೆ ಮುನಿಸಿದ್ದರೆ ಬೈಯುವುದಕ್ಕಾದರೂ ಬಾಯಿ ಬಿಡು. ಅಲ್ಲಿಯವರೆಗೆ ಹಳೇ ಕಾಲದ ಹಾಗೆ ಕಾಗದವೇ ಗತಿ.

ಜೊತೆಗಿಟ್ಟಿರುವುದು ನಮ್ಮ ಭಾನುವಾರದ ಪುರವಣಿ. ಎರಡು ಪುಟ ಪೂರ್ತಿ ನನ್ನದೇ. ಹೊಸ ಫೋನಿನ ಕ್ಯಾಮೆರಾ ಹೇಗಿದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಆರು ವರ್ಷ ಬರೆದು ಬೇಸತ್ತವಳು ನಾನು. ‘ಜಾಲದ ಊರುಗಳು’ ಅಂಕಣ ಬೇಕೆಂದು ಹಟ ಹಿಡಿದಾಗ ಸಂಪಾದಕರಿಗೆ ನಂಬಿಕೆಯೇ ಇರಲಿಲ್ಲ. ಲಿಫ್ಟ್ ರಿಪೇರಿಯವರು ಅಂತರ್ಜಾಲದಲ್ಲಿ ತಮ್ಮತಮ್ಮಲ್ಲೇ ಹರಟುವ ಗುಂಪು, ಕುಂಟು ಬೆಕ್ಕು ಸಾಕಿದವರ ಗುಂಪು, ಇವರ ಸುದ್ದಿ ಯಾರಿಗೆ ಬೇಕು ಎನ್ನುತ್ತಿದ್ದರು. ಈಗ ಅವರೇ ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಾರೆ.

‘ಕಿವಿಮಾತು’ ಎನ್ನುವುದು ನಡುವಯಸ್ಸಿನಲ್ಲಿ ಕಿವಿ ಮಂದವಾಗುತ್ತಾ ಬಂದವರ ಗುಂಪು. ನಾನೂರು ಚಿಲ್ಲರೆ ಜನ, ಎಲ್ಲರಿಗೂ ಅಡ್ಡಹೆಸರು. ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರು ನಡೆಸುತ್ತಾರೆ. ಈ ದಿನ ತನಗೆ ಯಾವ ಸದ್ದು ಕೇಳಿಸದೆ ಹೋಯಿತು ಎಂದು ದಿನಾ ಒಬ್ಬೊಬ್ಬರೂ ಒಂದೊಂದು ಸಾಲು ಬರೆಯುತ್ತಾರೆ. ಹಾಲು ಉಕ್ಕಿದ್ದು. ಬೀಗದಲ್ಲಿ ಕೀಲಿ ತಿರುಗಿದ್ದು. ಮಗು ನಿದ್ದೆಯಲ್ಲಿ ಬಿಕ್ಕಿದ್ದು. ಏಳು ತಿಂಗಳು ಅದರೊಳಗೆ ಕೂತು ಓದಿದೆ. ಕೆಲವು ದಿನ ಊಟ ಸೇರುತ್ತಿರಲಿಲ್ಲ. ಬೇಕಾದರೆ ಓದಿ, ನಮ್ಮ ಬಗ್ಗೆ ಬರೆಯಿರಿ, ಯಾರ ಮಾತನ್ನೂ ಹಾಗೇ ಎತ್ತಿಕೊಳ್ಳಬೇಡಿ ಎಂದು ಗಡಿಯಾರದವರು ಷರತ್ತು ಹಾಕಿದ್ದರು. ಎತ್ತಿಕೊಂಡೆ. ಇಲ್ಲದಿದ್ದರೆ ಸಪ್ಪೆ ಎಂದರು ಸಂಪಾದಕರು. ಅದು ನಿಜವೂ ಹೌದು.

ಮೂರನೇ ಪ್ಯಾರಾ ಓದು. ‘ಹಳೇ ರೇಡಿಯೋ’ ಎಂಬ ಅಡ್ಡಹೆಸರಿನವರು ಬರೆದದ್ದು: “ಹತ್ತೊಂಬತ್ತು ವರ್ಷದಿಂದ ಆಂಬುಲೆನ್ಸ್ ಕರೆ ತೆಗೆದುಕೊಳ್ಳುವ ಕೆಲಸ ನನ್ನದು. ಮೊನ್ನೆ ಹದಿಮೂರನೇ ಬೀದಿಯೋ ಹದಿನಾರನೇ ಬೀದಿಯೋ ಕೇಳಿಸಲಿಲ್ಲ. ಮೂರು ಸಲ ಕೇಳಿದೆ, ನಾಲ್ಕನೇ ಸಲ ಕೇಳಲು ನಾಚಿಕೆಯಾಗಿ ಊಹಿಸಿ ಬರೆದುಕೊಂಡೆ. ಗಾಡಿ ಬೇರೆ ಬೀದಿಗೆ ಹೋಯಿತು.” ಈಗ ಎಲ್ಲರ ಬಾಯಲ್ಲೂ ಇದೇ. ಟಿ.ವಿ.ಯವರು ಎತ್ತಿಕೊಂಡರು, ಇಲಾಖೆ ವಿಚಾರಣೆಗೆ ಆದೇಶಿಸಿತು, ಯಾರನ್ನೋ ಅಮಾನತು ಮಾಡಿದ್ದಾರಂತೆ. ಹೆಸರು ಹೊರಗೆ ಬಿಟ್ಟಿಲ್ಲ. ನಿನಗೆ ಫೋನ್ ಮಾಡುತ್ತಿದ್ದದ್ದು ಇದಕ್ಕೂ ಹೌದು. ನಿನ್ನದೂ ಅದೇ ಕೆಲಸ, ಹದಿನೈದು ವರ್ಷವಾಗಿರಬೇಕಲ್ಲ ನಿನಗೆ? ಯಾರಿರಬಹುದು, ಏನಾದರೂ ಗಾಳಿಸುದ್ದಿ ಬಿದ್ದಿದೆಯಾ? ಆ ಮನುಷ್ಯ ಸಿಕ್ಕರೆ ಮುಂದಿನ ಭಾಗ ಬರೆಯಬಹುದು.

ನಿನ್ನ ಬಾಯ್ಬಡುಕಿ


ಫೆಬ್ರವರಿ 3

ನಿನ್ನ ಕಾಗದ ಬಂತು. ಪುರವಣಿಯನ್ನು ಅದು ಅಚ್ಚಾದ ದಿನವೇ ಓದಿದ್ದೆ.

ಹದಿನೈದಲ್ಲ, ಹತ್ತೊಂಬತ್ತು ವರ್ಷ. ಮೂರನೇ ಪ್ಯಾರಾದಲ್ಲಿರುವುದು ನಾನು.

ಎಡಗಿವಿ ಹೋಗಿ ನಾಲ್ಕು ವರ್ಷವಾಯಿತು. ಬಲಗಿವಿಯಲ್ಲಿ ಮೊದಲು ಸಣ್ಣ ಸದ್ದುಗಳು ಹೋದವು, ಆಮೇಲೆ ಮಾತಿನ ತುದಿಗಳು. ಅಂದು ಫೋನ್ ಮಾಡಿದ್ದು ಒಬ್ಬ ಹುಡುಗಿ. ಅವಳ ಅಜ್ಜಿ ಬಚ್ಚಲಿನಲ್ಲಿ ಬಿದ್ದಿದ್ದರು. ಗಾಡಿ ಹನ್ನೊಂದು ನಿಮಿಷ ತಡವಾಗಿ ಮುಟ್ಟಿತು. ಅಜ್ಜಿ ಬದುಕಿದರು, ತಡವಾದದ್ದರಿಂದ ತೊಂದರೆಯೇನೂ ಆಗಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಅವರು ಬರೆದ ಮಾತ್ರಕ್ಕೆ ನನಗೆ ಸಮಾಧಾನವಾಗಲಿಲ್ಲ.

ಆ ಶನಿವಾರ ಗುಂಪಿನಲ್ಲಿ ಬರೆದೆ. ನೀನು ಎತ್ತಿಕೊಂಡದ್ದರ ಮುಂದೆ ಇನ್ನೂ ಒಂದು ಸಾಲಿತ್ತು. ‘ಸೋಮವಾರ ಮೇಲ್ವಿಚಾರಕರಿಗೆ ಹೇಳಿ ಫೋನಿನಿಂದ ಎದ್ದುಬಿಡುತ್ತೇನೆ’ ಎಂದು. ಸೋಮವಾರ ಹೇಳಿದೆ. ಅವರು ಯಾರಿಗೂ ಗೊತ್ತಾಗದ ಹಾಗೆ ನನ್ನನ್ನು ಕಡತಗಳ ಕೋಣೆಗೆ ಹಾಕಿದರು. ನಿನ್ನ ಬರಹ ಬಂದಾಗ ನಾನು ಆ ಫೋನ್ ಮುಟ್ಟಿ ಆರು ವಾರವಾಗಿತ್ತು. ಹತ್ತೊಂಬತ್ತು ವರ್ಷ ಕೆಲಸ ಮಾಡಿದವರು ನಮ್ಮಲ್ಲಿ ಇಬ್ಬರೇ. ಇನ್ನೊಬ್ಬರ ಕಿವಿ ಚೆನ್ನಾಗಿದೆ. ಕಂಡುಹಿಡಿಯಲು ಇಲಾಖೆಯವರಿಗೆ ಅರ್ಧ ದಿನವೂ ಬೇಕಾಗಲಿಲ್ಲ.

ನಿನಗೆ ಬೇಕಾಗಿದ್ದ ಮನುಷ್ಯ ಸಿಕ್ಕಾಯಿತು. ಬರಬೇಡ.

ಅಕ್ಕ


ಫೆಬ್ರವರಿ 18

ಅಕ್ಕಾ,

ಆಫೀಸಿನ ಮೆಟ್ಟಿಲ ಮೇಲೆ ನಿಂತೇ ಓದಿದೆ. ದಾರಿ ಬಿಡಿ ಎಂದು ಯಾರೋ ಎರಡು ಸಲ ಹೇಳಬೇಕಾಯಿತು.

ಆ ಸಾಲನ್ನು ತೆಗೆದದ್ದು ನಾನೇ. ಸಂಪಾದಕರ ಮೇಲೆ ಹಾಕಿಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು, ಸುಳ್ಳು ಹೇಳಲಾರೆ. ಜಾಗ ಸಾಲದೆ ತೆಗೆದದ್ದೂ ಅಲ್ಲ. ಗಾಡಿ ಬೇರೆ ಬೀದಿಗೆ ಹೋಯಿತು ಎಂದು ನಿಲ್ಲಿಸಿದರೆ ಓದುವವರ ಎದೆ ಧಸಕ್ಕೆನ್ನುತ್ತದೆ. ಮುಂದಿನ ಸಾಲು ಬಂದರೆ ಉಸಿರು ಬಿಡುತ್ತಾರೆ. ಉಸಿರು ಬಿಡಬಾರದು ಎಂದು ತೆಗೆದೆ.

ಸಂಪಾದಕರ ಹತ್ತಿರ ಹೋದೆ. ಎಲ್ಲ ಹೇಳಿದೆ, ನೀನು ಯಾರೆಂಬುದನ್ನೂ. ಅವರು ಪುರವಣಿ ತರಿಸಿ ಮೂರನೇ ಪ್ಯಾರಾವನ್ನು ಎರಡು ಸಲ ಓದಿ, “ಇದ್ರಲ್ಲಿ ಸುಳ್ಳು ಯಾವ್ದು ತೋರ್ಸು, ತಿದ್ದೋಣ. ಎಲ್ಲಾ ನಿಜಾನೇ ಇದೆಯಲ್ಲಮ್ಮಾ” ಎಂದರು. ಜಗಳವಾಡಿದ್ದಕ್ಕೆ ಹನ್ನೊಂದನೇ ಪುಟದ ಕೆಳಗೆ, ಪದಬಂಧದ ಪಕ್ಕದಲ್ಲಿ, ಎರಡು ಸಾಲಿನ ಸ್ಪಷ್ಟನೆ ಬಂತು. ನಮ್ಮ ಜಾಲತಾಣದಿಂದ ಬರಹವನ್ನು ತೆಗೆಯಲು ಒಪ್ಪಲಿಲ್ಲ. ತೆಗೆದರೂ ಪ್ರಯೋಜನವಿಲ್ಲ, ಹದಿನೇಳು ಕಡೆ ನಕಲಾಗಿದೆ. ಹದಿನೇಳು ಜನಕ್ಕೂ ಬರೆದೆ. ಇಬ್ಬರು ಉತ್ತರಿಸಿದರು. ಅದರಲ್ಲಿ ಒಬ್ಬರಿಗೆ ನನ್ನ ಸಂದರ್ಶನ ಬೇಕಂತೆ.

ನನಗೇಕೆ ಒಂದು ಮಾತು ಹೇಳಲಿಲ್ಲ ನೀನು? ನಾಲ್ಕು ವರ್ಷ! ವಾರಕ್ಕೊಮ್ಮೆ ಮಾತಾಡುತ್ತಿದ್ದೆವಲ್ಲ.

ತಂಗಿ


ಮಾರ್ಚ್ 15

ಕೇಳಿದೆಯಲ್ಲ, ಹೇಳುತ್ತೇನೆ.

ವಾರಕ್ಕೊಮ್ಮೆ ಮಾತಾಡುತ್ತಿದ್ದವಳು ನೀನು. ನಾನು ಹೂಂಗುಡುತ್ತಿದ್ದೆ. ಅರ್ಧಕ್ಕಿಂತ ಹೆಚ್ಚು ನನಗೆ ಕೇಳಿಸುತ್ತಿರಲಿಲ್ಲ. ನಿನ್ನ ದನಿ ಏರಿದಾಗ ನಗುತ್ತಿದ್ದೆ, ಇಳಿದಾಗ ಅಯ್ಯೋ ಎನ್ನುತ್ತಿದ್ದೆ. ಅಷ್ಟರಲ್ಲೇ ನಡೆದುಹೋಯಿತು. ಒಂದು ಸಲವೂ ಸಿಕ್ಕಿಬೀಳಲಿಲ್ಲ, ಏಕೆಂದರೆ ಉತ್ತರ ಬೇಕಾಗುವಂಥ ಪ್ರಶ್ನೆಯನ್ನು ನೀನು ಕೇಳುತ್ತಲೇ ಇರಲಿಲ್ಲ.

ನಿನ್ನ ಭಾವನಿಗೂ ನಾನು ಹೇಳಿರಲಿಲ್ಲ. ಮರ ಕೊಯ್ಯುವ ಯಂತ್ರದ ಗದ್ದಲದಲ್ಲೇ ಇರುವ ಮನುಷ್ಯ, ಇವರಿಗೆಲ್ಲಿ ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಒಂದು ದಿನ ನೋಡುತ್ತೇನೆ, ಮಾತಾಡುವ ಮುಂಚೆ ಎದ್ದುಹೋಗಿ ದೀಪ ಹಾಕುತ್ತಿದ್ದಾರೆ. ಎದುರಿಗೆ ಬಂದು ನಿಂತು ಮಾತು ಶುರುಮಾಡುತ್ತಾರೆ.

ಕಿವಿಮಾತು ಮುಚ್ಚಿತು. ನಿನಗೆ ಗೊತ್ತಿರಬಹುದು. ನಿನ್ನ ಬರಹ ಓದಿದವರೆಲ್ಲ ನೋಡಲು ನುಗ್ಗಿದರು. ಕಿವುಡರ ಸಂತೆ ಎಂದು ಕೆಲವರು ನಕ್ಕರು. ಹಳೇ ರೇಡಿಯೋವನ್ನು ಜೈಲಿಗೆ ಹಾಕಿ ಎಂದು ಕೆಲವರು ಕೂಗಿದರು. ನಮ್ಮವರು ಹೆದರಿ ತಾವು ಬರೆದದ್ದನ್ನು ತಾವೇ ಅಳಿಸತೊಡಗಿದರು. ಕೊನೆಗೆ ಗಡಿಯಾರದವರು ಎಲ್ಲವನ್ನೂ ಅಳಿಸಿಬಿಟ್ಟರು. ಇವತ್ತು ನನಗೆ ಏನು ಕೇಳಿಸಲಿಲ್ಲ ಎಂದು ಹೇಳಿಕೊಳ್ಳಲು ಅದೊಂದೇ ಜಾಗವಿತ್ತು.

ಮುಂದಿನ ತಿಂಗಳು ವಿಚಾರಣೆ. ನನ್ನ ಬಗ್ಗೆ ಇನ್ನು ಒಂದಕ್ಷರವನ್ನೂ ಬರೆಯಬೇಡ. ನನ್ನ ಪರವಾಗಿಯೂ ಬೇಡ.

ಅಕ್ಕ


ಏಪ್ರಿಲ್ 2

ಅಕ್ಕಾ,

ಬರೆಯುವುದಿಲ್ಲ.

ಗಡಿಯಾರದವರ ಅಂಗಡಿಗೆ ಹೋಗಿದ್ದೆ. ಎರಡು ಮಾರು ಅಗಲದ ಅಂಗಡಿ. ಗೋಡೆ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಗಂಟೆ. ಅವರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು. ನಾನು ಯಾರೆಂದು ನೋಟುಬುಕ್ಕಿನಲ್ಲಿ ಬರೆದು ತೋರಿಸಿದೆ. ಎದ್ದುಹೋಗು ಎನ್ನುತ್ತಾರೆ ಎಂದುಕೊಂಡಿದ್ದೆ. ಸ್ಟೂಲು ತೋರಿಸಿದರು, ಕೈಯಲ್ಲಿದ್ದ ಕೆಲಸ ಮುಗಿಸಿದರು, ಆಮೇಲೆ ಮಾತಾಡಿದರು. ಅವರ ದನಿ ಒಂದೇ ಎತ್ತರದಲ್ಲಿರುತ್ತದೆ. ಬೈಯುತ್ತಿದ್ದಾರೋ ಇಲ್ಲವೋ ತಿಳಿಯುವುದಿಲ್ಲ.

ನಿನ್ನ ವಿಷಯ ನಾನು ಎತ್ತಲಿಲ್ಲ. ಅವರಿಗೆ ಚಿಂತೆ ಬೇರೆಯವರದ್ದು. ‘ಕಿಟಕಿ ಪಕ್ಕ’ ಎಂಬ ಹೆಸರಿನಲ್ಲಿ ಒಬ್ಬರು ದಿನಾ ಬೆಳಗ್ಗೆ ಬರೆಯುತ್ತಿದ್ದರಂತೆ, ಒಂಟಿಯಾಗಿ ಇರುವವರಂತೆ. ಗುಂಪು ಮುಚ್ಚಿದ ಮೇಲೆ ಅವರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ, ತಿಳಿಯುವ ದಾರಿಯೇ ಇಲ್ಲ. ಯಾರ ವಿಳಾಸವನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಮಾತು ಕೊಟ್ಟಿದ್ದರು, ಇಟ್ಟುಕೊಂಡಿರಲಿಲ್ಲ. “ನೀವು ಹುಡ್ಕೋ ಕೆಲಸದವ್ರಲ್ವಾ, ಅವ್ರನ್ನ ಹುಡುಕ್ಕೊಡಿ” ಎಂದರು.

ಹದಿನೈದು ದಿನದಿಂದ ಅದೇ ಕೆಲಸ. ಹನ್ನೊಂದು ಜನ ಸಿಕ್ಕರು. ಅವರಲ್ಲಿ ಒಂಬತ್ತು ಜನ ನನ್ನ ಹೆಸರು ಕಂಡೊಡನೆ ಸುಮ್ಮನಾದರು. ಕಿಟಕಿ ಪಕ್ಕದವರು ಸಿಗಲಿಲ್ಲ.

ಇನ್ನೊಂದು ವಿಷಯ, ನೀನು ಬೇರೆ ಕಡೆಯಿಂದ ಕೇಳುವುದಕ್ಕಿಂತ ನಾನೇ ಹೇಳುತ್ತೇನೆ. ಆ ಬರಹವನ್ನು ಪತ್ರಿಕೆಯವರು ವರ್ಷದ ಪ್ರಶಸ್ತಿಗೆ ಕಳಿಸಿದ್ದಾರೆ. ಹಿಂದಕ್ಕೆ ತೆಗೆದುಕೊಳ್ಳಿ ಎಂದೆ. ಅರ್ಜಿ ಪತ್ರಿಕೆಯದ್ದು, ನಿನ್ನದಲ್ಲ ಎಂದರು.

ತಂಗಿ


ಏಪ್ರಿಲ್ 19

ಮೊದಲ ದಿನದ ವಿಚಾರಣೆ ಮುಗಿಯಿತು. ಮೂವರು ಕೂತಿದ್ದರು. ಅವರ ಹಿಂದೆಯೇ ಕಿಟಕಿ, ಬೆಳಕೆಲ್ಲ ನನ್ನ ಕಣ್ಣಿಗೆ. ಅವರ ಮುಖ ಕಪ್ಪಗೆ ಕಾಣುತ್ತಿತ್ತು, ತುಟಿ ತಿಳಿಯುತ್ತಿರಲಿಲ್ಲ. ಬರೆದು ಕೇಳಿ ಎಂದೆ. ಎರಡು ಪ್ರಶ್ನೆ ಬರೆದರು. ಮೂರನೆಯದಕ್ಕೆ ಬೇಸರವಾಗಿ ಬಾಯಲ್ಲೇ ಕೇಳಿದರು. ನಾನು ಏನೋ ಉತ್ತರ ಕೊಟ್ಟೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನು ಕೇಳಿದ್ದರೋ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಮೇಲ್ವಿಚಾರಕರನ್ನು ಕರೆದರು. ಅವರ ಹೇಳಿಕೆಯನ್ನು ನನಗೆ ಕಾಗದದಲ್ಲಿ ಕೊಟ್ಟರು. ಈಕೆ ತನಗೆ ಕಿವಿ ಕೇಳಿಸುವುದಿಲ್ಲ ಎಂದು ನನಗೆ ಯಾವತ್ತೂ ತಿಳಿಸಿಲ್ಲ, ಕಡತದ ಕೋಣೆಗೆ ಹಾಕಿದ್ದು ಅಲ್ಲಿ ಜನ ಸಾಲದ್ದಕ್ಕೆ, ಎಂದಿದ್ದಾರೆ. ನಾನು ಹೇಳಿದ ಸೋಮವಾರ ಇದೇ ಮನುಷ್ಯ ನನಗೆ ಟೀ ತರಿಸಿಕೊಟ್ಟು, “ನೀವು ಹೇಳಿದ್ದು ಒಳ್ಳೇದಾಯ್ತು ತಾಯಿ, ನಾನು ನೋಡ್ಕೋತೀನಿ” ಎಂದಿದ್ದರು. ಅವರ ಮೇಲೆ ಕೋಪ ಬರುತ್ತಿಲ್ಲ. ಹೌದೆಂದರೆ ಅವರ ಕೆಲಸವೂ ಹೋಗುತ್ತದೆ, ಮನೆಯಲ್ಲಿ ಹಾಸಿಗೆ ಹಿಡಿದ ಹೆಂಡತಿ.

ಹೇಳಿದ್ದಕ್ಕೆ ನನ್ನ ಹತ್ತಿರ ಇರುವ ಸಾಕ್ಷಿ ಒಂದೇ. ಆ ಸೋಮವಾರ ಸಂಜೆ, ಇವತ್ತು ಹೇಳಿದೆ, ಫೋನಿನಿಂದ ಎದ್ದೆ ಎಂದು ಕಿವಿಮಾತಿನಲ್ಲಿ ಬರೆದಿದ್ದೆ. ತಾರೀಖಿನ ಸಮೇತ ಇತ್ತು, ಈಗ ಅದಿಲ್ಲ. ನೀನು ಏಳು ತಿಂಗಳು ಎಲ್ಲದರ ನಕಲು ಇಟ್ಟುಕೊಳ್ಳುತ್ತಿದ್ದೆ ಎಂದು ಬರಹದಲ್ಲೇ ಹೇಳಿದ್ದೀಯ. ಆ ಒಂದು ಹಾಳೆ ನಿನ್ನಲ್ಲಿದೆಯಾ?

ನಿನ್ನನ್ನು ಕೇಳಬಾರದು ಎಂದುಕೊಂಡಿದ್ದೆ. ಕೇಳುತ್ತಿದ್ದೇನೆ.

ಅಕ್ಕ


ಏಪ್ರಿಲ್ 27

ಅಕ್ಕಾ,

ಇಲ್ಲ.

ನಿನ್ನ ಕಾಗದ ಬಂದಾಗಿನಿಂದ ಕಂಪ್ಯೂಟರ್ ಜಾಲಾಡಿದೆ, ಹಳೇ ಪೆಟ್ಟಿಗೆ ಬಿಚ್ಚಿದೆ, ಆಫೀಸಿನ ತಾಂತ್ರಿಕ ವಿಭಾಗದವರ ಕಾಲು ಹಿಡಿದೆ. ಶನಿವಾರದ ಹಾಳೆ ಇದೆ. ಅದೇ ಕೊನೆ. ಶನಿವಾರ ನೀನು ಬರೆದದ್ದನ್ನು ಓದಿ, ನನ್ನ ಬರಹಕ್ಕೆ ಬೇಕಾದ ಪ್ಯಾರಾ ಸಿಕ್ಕಿತು ಎಂದು ಎದ್ದುಹೋದವಳು ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ಭಾನುವಾರದಿಂದ ಬರೆಯಲು ಕೂತೆ. ಆ ಮನುಷ್ಯ ಸೋಮವಾರ ಏನು ಮಾಡಿದ ಎಂದು ನೋಡಬೇಕೆಂದು ಹೊಳೆಯಲೇ ಇಲ್ಲ. ಇನ್ನೆರಡು ದಿನ ಕೂತಿದ್ದರೆ ಸಾಕಾಗಿತ್ತು.

ಗಡಿಯಾರದವರ ಹತ್ತಿರ ಮತ್ತೆ ಹೋದೆ. ಅಳಿಸಿದ್ದು ಅಳಿಸಿದ್ದೇ ಎಂದರು.

ಇರುವುದು ಶನಿವಾರದ ಹಾಳೆ ಮಾತ್ರ. ನಾನು ಕೈಬಿಟ್ಟ ಸಾಲು ಅದರಲ್ಲಿದೆ. ನಿನಗೆ ಹೇಳುವ ಮನಸ್ಸಿತ್ತು ಎನ್ನುವುದಾದರೂ ಅದರಿಂದ ಗೊತ್ತಾಗುತ್ತದೆ. ನಾಳೆಯೇ ವಿಚಾರಣೆಯವರಿಗೆ ಕೊಟ್ಟು, ಸಾಲು ತೆಗೆದದ್ದು ನಾನೇ ಎಂದು ಬರೆದುಕೊಟ್ಟು ಬರುತ್ತೇನೆ. ಇದೊಂದನ್ನಾದರೂ ಮಾಡುತ್ತೇನೆ, ತಡೆಯಬೇಡ.

ತಂಗಿ


ಜೂನ್ 11

ತಡೆಯಬೇಡ ಎಂದು ನೀನು ಬರೆದ ಕಾಗದ ನನ್ನ ಕೈ ಸೇರಿದ್ದು ನಾಲ್ಕನೇ ದಿನ. ಅಷ್ಟರಲ್ಲಿ ಕೊಟ್ಟಾಗಿತ್ತು.

ಅಲ್ಲಿಯವರೆಗೆ ಹಳೇ ರೇಡಿಯೋ ನಾನೇ ಎಂದು ನಾನು ಒಪ್ಪಿರಲಿಲ್ಲ. ನಿರಾಕರಿಸಿಯೂ ಇರಲಿಲ್ಲ, ಸುಮ್ಮನಿದ್ದೆ. ಹಾಗೆ ಇರಲು ನಿನ್ನ ಭಾವನ ಕಡೆಯ ವಕೀಲರೊಬ್ಬರು ಹೇಳಿದ್ದರು. ಸೋಮವಾರದ ಹಾಳೆ ಕೈಗೆ ಸಿಕ್ಕರೆ ಮಾತ್ರ ಒಪ್ಪಿಕೊಳ್ಳಿ ಎಂದಿದ್ದರು. ಪತ್ರಿಕೆಯಲ್ಲಿ ಬಂದದ್ದು ಯಾರದ್ದೋ ಮಾತು, ಹೆಸರಿಲ್ಲ, ಅದರ ಮೇಲೆ ಏನೂ ಮಾಡಲಾಗದು ಎಂದಿದ್ದರು. ನೀನು ಕೊಟ್ಟ ಕಾಗದದಲ್ಲಿ, ಇದನ್ನು ಬರೆದವಳು ನನ್ನ ಸ್ವಂತ ಅಕ್ಕ ಎಂದಿದೆ. ಊಹಿಸಿ ಬರೆದುಕೊಂಡೆ ಎನ್ನುವುದು ನನ್ನ ತಪ್ಪೊಪ್ಪಿಗೆ ಎಂದಾಯಿತು. ಸೋಮವಾರ ಹೇಳುತ್ತೇನೆ ಎನ್ನುವುದು ಹೇಳಿದ್ದಕ್ಕೆ ಸಾಕ್ಷಿಯಲ್ಲವಂತೆ.

ಮೊನ್ನೆ ಆದೇಶ ಬಂತು. ಕೆಲಸದಿಂದ ತೆಗೆದಿದ್ದಾರೆ. ಮೇಲ್ವಿಚಾರಕರಿಗೆ ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ.

ನೀನು ಒಳ್ಳೆಯದಕ್ಕೇ ಮಾಡಿದೆ ಎಂದು ನಿನ್ನ ಭಾವ ಹೇಳುತ್ತಾರೆ. ನನಗೂ ಗೊತ್ತು. ಗೊತ್ತಿದ್ದೂ ನಿನ್ನ ಅಕ್ಷರ ಕಂಡರೆ ಲಕೋಟೆ ಒಡೆಯದೆ ಪಕ್ಕಕ್ಕಿಡುತ್ತೇನೆ. ಇನ್ನು ಸ್ವಲ್ಪ ದಿನ ಬರೆಯಬೇಡ.

ಅಕ್ಕ


ಜುಲೈ 18

ಅಕ್ಕಾ,

ಐದು ವಾರ ಬರೆಯದೆ ಇದ್ದೆ. ಇದನ್ನು ಹೇಳದೆ ಇರಲಾಗುತ್ತಿಲ್ಲ. ಕಳೆದ ಶನಿವಾರ ನಾನು ನಿನ್ನ ಮನೆಗೆ ಬಂದಿದ್ದೆ.

ಹಿಂದಿನ ದಿನ ಪ್ರಶಸ್ತಿ ಬಂದಿತ್ತು. ಸಭೆಗೆ ಹೋಗಲಿಲ್ಲ, ಸಂಪಾದಕರೇ ಹೋಗಿ ತೆಗೆದುಕೊಂಡು ಬಂದು ಮೇಜಿನ ಮೇಲಿಟ್ಟರು. ಅಂಕಣ ನಿಲ್ಲಿಸುತ್ತೇನೆ ಎಂದೆ. ನಿನ್ನನ್ನು ವಿಭಾಗದ ಮುಖ್ಯಸ್ಥೆ ಮಾಡೋಣವೆಂದಿದ್ದೆವಲ್ಲ ಎಂದು ಕಣ್ಣರಳಿಸಿದರು. ಯಾವ ಗುಂಪಿನೊಳಗೆ ಹೋದರೂ ಈಗ ನನಗೆ ಓದಲಾಗುವುದಿಲ್ಲ ಅಕ್ಕಾ. ಪ್ರತಿ ಸಾಲಿನ ಹಿಂದೆ ಯಾರ ಮನೆಯಿದೆಯೋ ಎನ್ನಿಸುತ್ತದೆ. ಮತ್ತೆ ಫೋನುಗಳ ವಿಮರ್ಶೆಗೇ ಹಾಕಿದ್ದಾರೆ.

ಬಾಗಿಲು ತೆರೆದಿತ್ತು. ಭಾವ ಇರಲಿಲ್ಲ. ಅಂಗಳದ ನಲ್ಲಿ ಜೋರಾಗಿ ಸುರಿಯುತ್ತಿತ್ತು, ಬಕೆಟ್ ತುಂಬಿ ನೀರು ಬಾಗಿಲವರೆಗೆ ಹರಿದಿತ್ತು. ನೀನು ಅಡುಗೆಮನೆಯಲ್ಲಿ ನನಗೆ ಬೆನ್ನು ಮಾಡಿ ಪಾತ್ರೆ ಒರೆಸುತ್ತಿದ್ದೆ. ಅಕ್ಕಾ ಎಂದೆ. ಮತ್ತೆ ಕರೆದೆ. ಮೂರನೇ ಸಲ ಕೂಗಿದೆ, ಪಕ್ಕದ ಮನೆಯವರು ಇಣುಕಿದರು. ನೀನು ಒಂದು ಲೋಟ ಒರೆಸಿ ಇಟ್ಟು ಇನ್ನೊಂದನ್ನು ಎತ್ತಿಕೊಂಡೆ.

ಏಳು ತಿಂಗಳು ಇದನ್ನೇ ಓದಿದ್ದೆ, ಎರಡು ಪುಟ ಬರೆದಿದ್ದೆ. ನನಗೆ ಏನೂ ಗೊತ್ತಿರಲಿಲ್ಲ.

ಒಳಗೆ ಬಂದು ಮುಟ್ಟಬಹುದಿತ್ತು. ನೀನು ಹೆದರುತ್ತೀಯ ಎಂದು ಹೆದರಿದೆ. ತಿರುಗಿ ನನ್ನನ್ನು ನೋಡಿದರೆ ನಿನ್ನ ಮುಖ ಹೇಗಾಗುತ್ತದೋ ಎಂದೂ ಹೆದರಿದೆ. ನಲ್ಲಿ ನಿಲ್ಲಿಸಿ, ತಂದಿದ್ದ ಹಣ್ಣಿನ ಚೀಲವನ್ನು ಹೊಸಲಿನ ಮೇಲಿಟ್ಟು ಹೊರಟುಬಂದೆ. ಮಾಡಲಾದದ್ದು ಅಷ್ಟೇ.

ತಂಗಿ


ಜುಲೈ 27

ಚೀಲ ಸಿಕ್ಕಿತು. ಯಾರೆಂದು ತಿಳಿಯಲಿಲ್ಲ. ನಲ್ಲಿ ನಾನೇ ನಿಲ್ಲಿಸಿ ಮರೆತಿದ್ದೇನೆ ಎಂದುಕೊಂಡೆ.

ಬಲಗಿವಿಯೂ ಪೂರ್ತಿ ಹೋಯಿತು. ಜೂನ್ ಕೊನೆಯಲ್ಲಿ. ಒಂದು ಬೆಳಗ್ಗೆ ನಿನ್ನ ಭಾವ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಹೋದರು, ಬಾಗಿಲು ಸದ್ದು ಮಾಡಲಿಲ್ಲ. ಇದನ್ನು ಬರೆಯಲು ಗುಂಪಿಲ್ಲವಾದ್ದರಿಂದ ನಿನಗೆ ಬರೆದಿದ್ದೇನೆ.

ಸಿಟ್ಟು ಹೋಗಿಲ್ಲ. ಹೋಗುತ್ತದೆಂದು ಮಾತು ಕೊಡಲಾರೆ. ನೀನು ಬಂದರೆ ಏನು ಮಾತಾಡುತ್ತೇನೋ, ಮಾತಾಡುತ್ತೇನೋ ಇಲ್ಲವೋ, ಅದೂ ಗೊತ್ತಿಲ್ಲ. ಆದರೆ ಮನೆಯವರೆಗೆ ಬಂದು, ಬೆನ್ನ ಹಿಂದೆ ನಿಂತು, ಕಳ್ಳಿಯ ಹಾಗೆ ಹಿಂತಿರುಗಬೇಡ.

ಕರೆಯಬೇಡ, ಬಾಗಿಲು ತಟ್ಟಬೇಡ. ನೆಟ್ಟಗೆ ಒಳಗೆ ಬಂದು ಭುಜ ಮುಟ್ಟು. ಬೆಚ್ಚಿಬೀಳುತ್ತೇನೆ, ಕೈಯಲ್ಲಿದ್ದದ್ದು ಬಿದ್ದರೂ ಬೀಳಬಹುದು. ಆದರೂ ಮುಟ್ಟು.

ಅಕ್ಕ